ಆಟ ಸೋತದ್ದು ಯಾರಿಂದ?

ಬೈಂದೂರಿನಿಂದ ಬ್ರಹ್ಮಾವರದವರೆಗೆ, ನಡುವೆ ಕುಂದಾಪುರವನ್ನಿರಿಸಿಕೊಂಡು, ಕಡಲಿಗೂ ಘಟ್ಟಕ್ಕೂ ಎಡೆಯಲ್ಲಿ ಹಬ್ಬಿರುವ ನಮ್ಮ ಸೀಮೆಯಲ್ಲಿ ಒಂದು ವಾದ ಎಂದೂ ಮುಗಿದುದಿಲ್ಲ. ಕೊಯ್ಲಾದ ಗದ್ದೆಯಲ್ಲಿ ರಾತ್ರಿಯಿಡೀ ಯಕ್ಷಗಾನ ಬಯಲಾಟ ನಡೆಯುತ್ತದೆ. ಬೆಳಕು ಹರಿದು ಮಂಗಳ ಹಾಡಿದ ಮೇಲೆ ಜನ ಚಾಪೆ ಸುತ್ತಿಕೊಂಡು ಏಳುತ್ತಾರೆ. ಆದರೆ ಮನೆ ಸೇರುವ ಮೊದಲೇ, ದಾರಿಯ ಚಹದಂಗಡಿಯ ಬೆಂಚಿನ ಮೇಲೆ, ಆಟದ ವಿಚಾರಣೆ ತೊಡಗುತ್ತದೆ. ಆಟ ರಂಗೇರಿದ್ದರೆ ವಿಚಾರಣೆ ಬೇಗನೆ ಮುಗಿಯುವುದು. ಗೆಲುವಿನಲ್ಲಿ ಎಲ್ಲರಿಗೂ ಪಾಲುಂಟು. ಆಟ ಸಪ್ಪೆಯಾಗಿದ್ದರೆ ಮಾತ್ರ ಹೊಣೆಗಾರನೊಬ್ಬ ಬೇಕಾಗುತ್ತಾನೆ. ಆಗ ಬೆಂಚು ಎರಡು ಪಕ್ಷವಾಗಿ ಒಡೆಯುತ್ತದೆ. ಭಾಗವತನೇ ಕೆಡಿಸಿದನೆಂದು ಒಂದು ಪಕ್ಷ; ಎರಡನೆಯ ವೇಷದವನೇ ಕೆಡಿಸಿದನೆಂದು ಇನ್ನೊಂದು ಪಕ್ಷ.

ಯಕ್ಷಗಾನವನ್ನು ನೋಡದವರಿಗೆ ಈ ಎರಡು ಹೆಸರುಗಳನ್ನು ತುಸು ಬಿಡಿಸಿ ಹೇಳಬೇಕು. ನಮ್ಮ ಬಡಗು ತಿಟ್ಟಿನಲ್ಲಿ ಭಾಗವತನನ್ನೇ ಒಂದನೆಯ ವೇಷವೆಂದು ಎಣಿಸುವ ರೂಢಿ. ಅವನು ಬಣ್ಣ ಹಚ್ಚುವವನಲ್ಲ, ಕುಣಿಯುವವನೂ ಅಲ್ಲ. ಆದರೂ ಯಾವ ಪದ್ಯವನ್ನು ಎತ್ತಬೇಕು, ಯಾವುದನ್ನು ಬಿಡಬೇಕು, ಎಲ್ಲಿ ಕಾಲ ಏರಿಸಬೇಕು, ಯಾವ ಪಾತ್ರವನ್ನು ಎಷ್ಟು ಹೊತ್ತು ರಂಗಸ್ಥಳದಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಅವನ ಕೈಯ ತಾಳದಲ್ಲಿದೆ. ಎರಡನೆಯ ವೇಷದವನೆಂದರೆ ಅಂದಿನ ಕಥೆಯ ಮುಖ್ಯ ಪಾತ್ರಧಾರಿ. ಕರ್ಣನೋ ಅರ್ಜುನನೋ ಆಗಿ ಇರುಳಿನ ಭಾರವನ್ನು ಹೊರತಕ್ಕವನು. ಒಬ್ಬ ನಡೆಸುವವನು, ಒಬ್ಬ ಆಡುವವನು. ಅಮೆರಿಕದಲ್ಲಿ ಅವರದೇ ಬಗೆಯ ಫುಟ್‌ಬಾಲ್ ತಂಡವೊಂದು ಸೋಲುತ್ತ ಬಂದರೆ, ಚೆಂಡನ್ನೆಸೆದು ಆಟವನ್ನು ಮುನ್ನಡೆಸುವ ಆಟಗಾರನನ್ನು ಬಿಡಬೇಕೋ, ಅವನಿಗೆ ಹೂಟ ಹೇಳಿಕೊಡುವ ಮುಖ್ಯ ತರಬೇತುಗಾರನನ್ನು ಬಿಡಬೇಕೋ ಎಂದು ಅಭಿಮಾನಿಗಳು ವಾರಗಟ್ಟಲೆ ಕಾದಾಡುವರಂತೆ. ಅದನ್ನು ಕೇಳಿದಾಗ ನನಗೆ ಸೋಜಿಗವೇನೂ ಆಗಲಿಲ್ಲ. ನಮ್ಮ ಬೆಂಚಿನ ವಾದವೇ ಅಲ್ಲಿಯೂ ನಡೆಯುತ್ತಿದೆ ಎಂದುಕೊಂಡೆ.

ನಾನು ಹುಡುಗನಾಗಿದ್ದಾಗ ನಮ್ಮ ಕಡೆಯ ಡೇರೆಯ ಮೇಳವೊಂದು ಇಂತಹ ಸಂಕಟಕ್ಕೆ ಸಿಕ್ಕಿತ್ತು. ಎರಡು ತಿರುಗಾಟಗಳ ಕಾಲ ಅದರ ಆಟ ಮೇಲೇಳಲೇ ಇಲ್ಲ. ಜನ ಕಡಿಮೆಯಾದರು. ಬಂದವರೂ ನಡುರಾತ್ರಿಗೇ ಎದ್ದು ಹೋದರು. ಚಹದಂಗಡಿಯಲ್ಲಿ ವಾದ ಬೆಳೆದು, ನೆರೆಹೊರೆಯವರು ಮಾತು ಬಿಡುವ ಮಟ್ಟಕ್ಕೆ ಹೋಯಿತು. ಯಜಮಾನರು ಮೊದಲು ಎರಡನೆಯ ವೇಷದವರನ್ನು ಬದಲಾಯಿಸಿದರು. ಒಂದು ಪಕ್ಷ ಹಿಗ್ಗಿತು, ಆಟ ಏಳಲಿಲ್ಲ. ಮರುವರ್ಷ ಭಾಗವತರನ್ನು ಬದಲಾಯಿಸಿದರು. ಮತ್ತೊಂದು ಪಕ್ಷ ಹಿಗ್ಗಿತು. ಆಗಲೂ ಆಟ ಏಳಲಿಲ್ಲ. ನಮ್ಮ ದೊಡ್ಡಪ್ಪ ವಾದಕ್ಕೆ ಇಳಿಯುವವರಲ್ಲ. ಆ ದಿನ ಮಾತ್ರ ಅವರು, ಹೊಸದಾಗಿ ಬಂದವರಿಗೆ ಕಲಿಸಿದವರು ಯಾರು ಎಂದಷ್ಟೇ ಕೇಳಿದರು. ಯಾರೂ ಉತ್ತರ ಹೇಳಲಿಲ್ಲ. ನನಗೂ ಆ ಪ್ರಶ್ನೆಯ ತೂಕ ಆಗ ತಿಳಿಯಲಿಲ್ಲ.

ಬಹಳ ವರ್ಷಗಳ ಬಳಿಕ, ಶಿವರಾಮ ಕಾರಂತರ ಬಾಳನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕಾಗಿ ಬಂದಾಗ, ಅದೇ ಪ್ರಶ್ನೆಯನ್ನು ಒಬ್ಬ ಮನುಷ್ಯ ತನ್ನ ಆಯುಷ್ಯದ ಬಲುಭಾಗವನ್ನು ಸವೆಸಿ ಕೇಳಿದ್ದನೆಂಬುದು ಹೊಳೆಯಿತು. ಕಾರಂತರನ್ನು ಕಾದಂಬರಿಕಾರರೆಂದು ನಾಡೆಲ್ಲ ಬಲ್ಲುದು. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’ಗಳನ್ನು ಓದದ ಕನ್ನಡಿಗ ವಿರಳ. ‘ಮೂಕಜ್ಜಿಯ ಕನಸುಗಳು’ ಅವರಿಗೆ ಜ್ಞಾನಪೀಠವನ್ನೂ ತಂದಿತು. ಆದರೆ ನಮ್ಮ ಚಹದಂಗಡಿಯ ಬೆಂಚಿನಲ್ಲಿ ಅವರ ಹೆಸರು ಬರುತ್ತಿದ್ದುದು ಕಾದಂಬರಿಗಾಗಿ ಅಲ್ಲ. ಆಟವನ್ನು ಉಳಿಸಿದವರೆಂದು ಕೆಲವರು, ಆಟವನ್ನು ಕತ್ತರಿಸಿದವರೆಂದು ಕೆಲವರು ಅವರನ್ನು ಎಳೆದಾಡುತ್ತಿದ್ದರು. ಆ ಮುಖದಿಂದಲೇ ಅವರ ಬಾಳನ್ನು ಇಲ್ಲಿ ನೋಡಬಯಸುತ್ತೇನೆ.

ಕಾರಂತರು ಹುಟ್ಟಿದ್ದು ೧೯೦೨ನೆಯ ಇಸವಿ ಅಕ್ಟೋಬರ್ ೧೦ರಂದು, ಇಂದು ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಕೋಟವು ಅಮೃತೇಶ್ವರಿಯ ಊರು, ಮಂದಾರ್ತಿ ದೂರವಿಲ್ಲ. ಮೇಳ, ಚಂಡೆ, ಜೋಡಾಟಗಳ ಸದ್ದಿನಿಂದ ಹೊರಗುಳಿದು ಅಲ್ಲಿ ಬಾಲ್ಯವನ್ನು ಕಳೆಯುವುದು ಯಾವ ಹುಡುಗನಿಗೂ ಸಾಧ್ಯವಿರಲಿಲ್ಲ. ಜೋಡಾಟವೆಂದರೆ ಎರಡು ಮೇಳಗಳು ಒಂದೇ ಬಯಲಿನಲ್ಲಿ ಎರಡು ರಂಗಸ್ಥಳ ಹೂಡಿ, ಒಂದೇ ಕಥೆಯನ್ನು ಒಮ್ಮೆಗೇ ಆಡುವ ಸ್ಪರ್ಧೆ. ಪ್ರೇಕ್ಷಕ ಅಲ್ಲಿ ನಡುವೆ ನಿಂತು ಅತ್ತಿತ್ತ ನೋಡುವ ನ್ಯಾಯಾಧೀಶ. ಆಟವನ್ನು ತೂಗಿ ನೋಡುವ ನಮ್ಮವರ ಚಾಳಿಗೆ ಜೋಡಾಟವೂ ಒಂದು ಪಾಠಶಾಲೆಯೆನ್ನಬೇಕು.

ಹೈಸ್ಕೂಲಿನ ಓದಿಗೆ ಅವರು ಕುಂದಾಪುರಕ್ಕೆ ಬಂದರು. ಅನಂತರ ಮಂಗಳೂರಿನ ಕಾಲೇಜು. ಆದರೆ ಗಾಂಧೀಜಿಯವರ ಅಸಹಕಾರದ ಕರೆ ಕಿವಿಗೆ ಬಿದ್ದುದೇ ತಡ, ಕಾಲೇಜನ್ನು ಅರ್ಧಕ್ಕೆ ಬಿಟ್ಟರು. ಖಾದಿ, ಸಮಾಜ ಸುಧಾರಣೆ ಎಂದು ಕೆಲವು ವರ್ಷ ತಿರುಗಿದರು. ‘ವಸಂತ’ವೆಂಬ ಮಾಸಪತ್ರಿಕೆಯನ್ನು ನಡೆಸಿದರು. ನಾಟಕ ಬರೆದರು, ಆಡಿಸಿದರು. ೧೯೩೦ರ ಸುಮಾರಿನಲ್ಲಿ ಮೂಕಿಚಿತ್ರಗಳನ್ನು ತೆಗೆಯಲೂ ಕೈಹಾಕಿದರು. ಒಂದರಲ್ಲಿ ನಿಲ್ಲದ ಮನಸ್ಸು ಎಂದು ಜನ ಆಡಿಕೊಂಡರು. ಅವರೂ ಅದನ್ನು ಅಲ್ಲಗಳೆಯಲಿಲ್ಲ. ೧೯೪೮ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ಹುಚ್ಚು ಮನಸ್ಸಿನ ಹತ್ತು ಮುಖಗಳೆಂದೇ ಹೆಸರಿಟ್ಟರು.

ಆಮೇಲೆ ಪುತ್ತೂರು ಅವರ ನೆಲೆಯಾಯಿತು. ಅಲ್ಲಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ, ಊರಿನಲ್ಲಿ ದಸರೆಯ ನಾಡಹಬ್ಬ, ಮೂರು ಸಂಪುಟಗಳ ‘ಬಾಲಪ್ರಪಂಚ’, ಕಾದಂಬರಿಯ ಮೇಲೆ ಕಾದಂಬರಿ. ೧೯೩೬ರಲ್ಲಿ ಜಾತಿಯ ಗೆರೆ ದಾಟಿ ಲೀಲಾ ಅವರನ್ನು ಮದುವೆಯಾದರು. ಈ ಎಲ್ಲ ಕೆಲಸಗಳ ನಡುವೆ ನೃತ್ಯದ ಹಂಬಲವೂ ಅವರನ್ನು ಬಿಡಲಿಲ್ಲ. ‘ಮುಕ್ತದ್ವಾರ’, ‘ಕಿಸಾ ಗೋತಮಿ’ಯಂತಹ ಗೀತನಾಟಕಗಳನ್ನು ಬರೆದರು; ಕುಣಿತದ ಪ್ರಯೋಗಗಳನ್ನು ಮಾಡಿದರು. ಹೊರಗಿನ ನೃತ್ಯಗಳನ್ನೆಲ್ಲ ನೋಡಿ ಅವರ ಮನಸ್ಸು ಕೊನೆಗೆ ಹಿಂತಿರುಗಿದ್ದು ಬಾಲ್ಯದಲ್ಲಿ ಗದ್ದೆಯ ಬದುವಿನಲ್ಲಿ ಕೂತು ಕಂಡ ಆಟಕ್ಕೆ.

ಹಿಂತಿರುಗಿ ನೋಡಿದಾಗ ಆಟದ ಸ್ಥಿತಿ ಚೆನ್ನಾಗಿರಲಿಲ್ಲ. ಕಂಪೆನಿ ನಾಟಕಗಳ ಥಳುಕು ರಂಗಸ್ಥಳಕ್ಕೂ ಹತ್ತಿತ್ತು. ಕಪ್ಪು, ಕೆಂಪು, ಹಳದಿಯ ಹಳೆಯ ಉಡುಗೆಯ ಜಾಗದಲ್ಲಿ ಮಖಮಲ್ಲು ಬಂದು ಕೂತಿತು. ಮರದ ಆಭರಣಗಳಿಗೂ ಕೇದಗೆ ಮುಂದಲೆಗೂ ಹೊಂದದ ನಾಟಕದ ಕಿರೀಟಗಳು ಬಂದವು. ದೊಂದಿಯ ಬೆಳಕಿಗೆಂದು ಹುಟ್ಟಿದ ಮುಖವರ್ಣಿಕೆ ಪ್ರಖರ ದೀಪದ ಕೆಳಗೆ ಬೇರೆಯಾಗಿ ಕಂಡಿತು. ಪಾತ್ರದ ಘನತೆಯನ್ನು ಮೊದಲ ನೋಟಕ್ಕೇ ಸಾರುವ ಒಡ್ಡೋಲಗ ಗಿಡ್ಡವಾಯಿತು. ಭಾಗವತರು ಹಾಡುವ ರಾಗಗಳು ಎಣಿಕೆಗೆ ಬರುವಷ್ಟಾದವು. ಹಳೆಯ ಪ್ರಸಂಗದ ಓಲೆಗಳಲ್ಲಿ ಪದ್ಯದ ನೆತ್ತಿಯ ಮೇಲೆ ಬರೆದ ರಾಗದ ಹೆಸರುಗಳನ್ನು ಹಾಡಿ ತೋರಿಸಬಲ್ಲವರು ವಿರಳರಾದರು. ಇತ್ತ ಮಾತು ಬೆಳೆಯಿತು. ಪದ್ಯಕ್ಕೆ ಅರ್ಥ ಹೇಳುವ ಕೆಲಸವು ಉಪನ್ಯಾಸಕ್ಕೂ ಹಾಸ್ಯಕ್ಕೂ ತಿರುಗಿ, ಕುಣಿತ ಮೂಲೆಗೆ ಸರಿಯಿತು.

ಇದು ಯಾರ ತಪ್ಪು? ಬೆಂಚಿನ ಉತ್ತರಗಳು ಸಿದ್ಧವಿದ್ದವು. ಕಾರಂತರ ಉತ್ತರ ಬೇರೆಯಾಗಿತ್ತು. ಅವರು ಯಾವ ಭಾಗವತನನ್ನೂ ಯಾವ ವೇಷಧಾರಿಯನ್ನೂ ಕಟಕಟೆಯಲ್ಲಿ ನಿಲ್ಲಿಸಲಿಲ್ಲ. ಕಲೆ ತನ್ನನ್ನು ತಾನೇ ಮರೆಯುತ್ತಿದೆಯೆಂಬುದು ಅವರ ನಿದಾನ. ಮರೆವು ರೋಗವಾದರೆ ಮೊದಲು ನೆನಪಿರುವವರನ್ನು ಹುಡುಕಬೇಕಷ್ಟೆ. ಅವರು ತಿರುಗಾಟಕ್ಕೆ ಹೊರಟರು. ಹಳ್ಳಿಹಳ್ಳಿಗೆ ಹೋಗಿ ಮುಪ್ಪಾದ ಭಾಗವತರನ್ನೂ ಮದ್ದಳೆಗಾರರನ್ನೂ ಕಂಡರು, ಹಾಡಿಸಿ ಕೇಳಿದರು. ಮನೆಗಳ ಅಟ್ಟದಲ್ಲಿದ್ದ ಪ್ರಸಂಗದ ಓಲೆಗರಿಗಳನ್ನು ನೋಡಿದರು. ಬ್ರಹ್ಮಾವರದಲ್ಲಿ ಕಲಾವಿದರನ್ನು ಕೂಡಿಸಿ ಕಮ್ಮಟ ನಡೆಸಿದರು. ಈ ಪರಿಶ್ರಮದ ಫಲ ‘ಯಕ್ಷಗಾನ ಬಯಲಾಟ’ವೆಂಬ ಗ್ರಂಥ. ೧೯೫೯ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಇಷ್ಟೊಂದು ಕಾದಂಬರಿ ಬರೆದವರಿಗೆ ಆ ಮನ್ನಣೆ ಬಯಲಾಟದ ಪುಸ್ತಕಕ್ಕಾಗಿ ಬಂದಿತೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ನೆನಪಿಡತಕ್ಕದ್ದು.

ಗ್ರಂಥ ಹೊರಬಂದ ಮೇಲೆ ಪಂಡಿತರ ವಲಯದಲ್ಲಿಯೂ ಜೋಡಾಟ ತೊಡಗಿತು. ಕುಂಬಳೆಯ ಪಾರ್ತಿಸುಬ್ಬನವೆಂದು ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳು ನಿಜವಾಗಿ ಅವನವೇ ಎಂದು ಕಾರಂತರು ಸಂಶಯ ಎತ್ತಿದ್ದರು. ಆ ಕೀರ್ತಿಯನ್ನು ಅಜಪುರಕ್ಕೆ, ಎಂದರೆ ನಮ್ಮ ಬ್ರಹ್ಮಾವರಕ್ಕೆ, ಒಯ್ಯಲು ಅವರು ಒಲವು ತೋರಿದಂತಿತ್ತು. ಕಾಸರಗೋಡಿನ ಕಡೆಯವರಿಗೆ ಇದು ಸಹನೆಯಾಗಲಿಲ್ಲ. ಕುಕ್ಕಿಲ ಕೃಷ್ಣ ಭಟ್ಟರಂತಹ ವಿದ್ವಾಂಸರು ಆಧಾರಗಳನ್ನು ಕೂಡಿಹಾಕಿ ಬಲವಾಗಿ ಎದುರಿಸಿದರು. ಪಾರ್ತಿಸುಬ್ಬನ ಹಿರಿಮೆ ಕುಂಬಳೆಯಲ್ಲಿಯೇ ಉಳಿಯಿತು. ನಮ್ಮ ಊರಿನ ಹೆಸರು ಬಂದಿತೆಂದು ಹಿಗ್ಗಿದವರಲ್ಲಿ ನಾನೂ ಒಬ್ಬ. ವಾದದಲ್ಲಿ ನಮ್ಮ ಪಕ್ಷ ಸೋತಿತೆಂದು ಈಗ ಒಪ್ಪುವುದೇ ಸರಿ. ಆದರೆ ಕಾರಂತರ ಸಂಶಯವಿಲ್ಲದಿದ್ದರೆ ಆ ಆಧಾರಗಳನ್ನು ಅಷ್ಟು ಶ್ರದ್ಧೆಯಿಂದ ಯಾರು ಅರಸುತ್ತಿದ್ದರು?

ಬರೆದಷ್ಟಕ್ಕೆ ಕಾರಂತರು ತೃಪ್ತರಾಗಲಿಲ್ಲ. ಬೆಂಚಿನಲ್ಲಿ ಕೂತು ಆಟವನ್ನು ತೂಗುವುದು ಸುಲಭ. ಎದ್ದು ಹೋಗಿ ಆಟವನ್ನು ನಡೆಸುವುದು ಬೇರೆಯೇ ಕೆಲಸ. ಆ ಗೆರೆಯನ್ನು ದಾಟಿದ ಅಭಿಮಾನಿಗಳು ಬಲು ಕಡಿಮೆ. ಕಾರಂತರು ಅರುವತ್ತರ ಅಂಚಿನಲ್ಲಿದ್ದಾಗ ಅದನ್ನು ದಾಟಿದರು. ವೃತ್ತಿಮೇಳಗಳ ಕಲಾವಿದರನ್ನು ಕಟ್ಟಿಕೊಂಡು ಯಕ್ಷಗಾನದ ನೃತ್ಯರೂಪಕಗಳನ್ನು ರಚಿಸತೊಡಗಿದರು. ‘ಅಭಿಮನ್ಯು’, ‘ನಳ ದಮಯಂತಿ’, ‘ಪಂಚವಟಿ’ ಮೊದಲಾದ ಕಥೆಗಳು ಹೊಸ ರೂಪ ತಾಳಿದವು. ಇರುಳಿಡೀ ನಡೆಯತಕ್ಕ ಆಟ ಎರಡು ಮೂರು ಗಂಟೆಗೆ ಇಳಿಯಿತು. ಅರ್ಥಗಾರಿಕೆ ಬಹುಮಟ್ಟಿಗೆ ಹೊರಟುಹೋಯಿತು. ಕಥೆಯನ್ನು ಹಾಡೂ ಕುಣಿತವೂ ಹೇಳಬೇಕೆಂದಾಯಿತು. ಭಾಗವತನ ಕಂಠದ ಜತೆಗೆ ಪಿಟೀಲೂ ಸ್ಯಾಕ್ಸೊಫೋನೂ ಬಂದವು.

೧೯೭೧ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿತು. ಪ್ರಾಂಶುಪಾಲ ಕು. ಶಿ. ಹರಿದಾಸ ಭಟ್ಟರ ಉತ್ಸಾಹವೂ ಕಾರಂತರ ಮಾರ್ಗದರ್ಶನವೂ ಅಲ್ಲಿ ಕೂಡಿದವು. ಮಟಪಾಡಿ ವೀರಭದ್ರ ನಾಯಕರು ಕುಣಿತದ ಗುರುಗಳಾದರು, ಹಿರಿಯಡಕ ಗೋಪಾಲ ರಾಯರು ಮದ್ದಳೆಯ ಗುರುಗಳಾದರು, ನೀಲಾವರ ರಾಮಕೃಷ್ಣಯ್ಯನವರು ಭಾಗವತಿಕೆಯ ಗುರುಗಳಾದರು. ಇದರ ಮಹತ್ವವನ್ನು ತಿಳಿಯಬೇಕಾದರೆ ಹಿಂದಿನ ಕಲಿಕೆಯ ಕ್ರಮವನ್ನು ನೆನೆಯಬೇಕು. ಹಿಂದೆ ಹುಡುಗನೊಬ್ಬ ಮೇಳ ಸೇರಿದರೆ ಮೊದಲು ಕೋಡಂಗಿಯಾಗಿ ಕುಣಿಯಬೇಕು, ಆಮೇಲೆ ಬಾಲಗೋಪಾಲ, ಆಮೇಲೆ ಸಣ್ಣಪುಟ್ಟ ವೇಷ. ಹಿರಿಯರ ಆಟವನ್ನು ಇರುಳಿರುಳೂ ಚೌಕಿಯ ಮರೆಯಿಂದ ನೋಡುತ್ತ, ಹತ್ತು ಹದಿನೈದು ತಿರುಗಾಟಗಳ ಬಳಿಕ ಮುಖ್ಯ ವೇಷದ ಹತ್ತಿರಕ್ಕೆ ಬರಬೇಕು. ಹಿರಿಯರು ಸಮರ್ಥರಿದ್ದಷ್ಟು ಕಾಲ ಈ ಏಣಿ ಗಟ್ಟಿಯಾಗಿತ್ತು. ಹಿರಿಯರೇ ಮರೆತಾಗ ಕಿರಿಯರು ಮರೆವನ್ನೇ ಕಲಿಯುತ್ತಾರೆ. ನಮ್ಮ ದೊಡ್ಡಪ್ಪನ ಪ್ರಶ್ನೆ ಇದೇ ಆಗಿತ್ತು. ಕಾರಂತರೂ ಹರಿದಾಸ ಭಟ್ಟರೂ ಅದಕ್ಕೆ ಒಂದು ಶಾಲೆಯ ರೂಪದಲ್ಲಿ ಉತ್ತರ ಕೊಟ್ಟರು.

ಇಷ್ಟಾದರೂ ಬೆಂಚು ಸುಮ್ಮನಾಗಲಿಲ್ಲ. ಬ್ರಹ್ಮಾವರದ ಸುತ್ತಣ ಪ್ರೇಕ್ಷಕರಿಗೆ ಮೊದಲೇ ಹಾರಾಡಿಯ ಶೈಲಿ, ಮಟಪಾಡಿಯ ಶೈಲಿ ಎಂಬ ಎರಡು ಪಂಥಗಳುಂಟು. ಹಾರಾಡಿ ರಾಮ ಗಾಣಿಗರ ಗತ್ತನ್ನು ಕಂಡವರಿಗೆ ಬೇರೆ ವೇಷ ರುಚಿಸದು. ವೀರಭದ್ರ ನಾಯಕರ ಹೆಜ್ಜೆಯನ್ನು ಕಂಡವರಿಗೆ ಬೇರೆ ಕುಣಿತ ಕುಣಿತವೆನಿಸದು. ಈಗ ಮೂರನೆಯದಾಗಿ ಕಾರಂತರ ಪಂಥ ಬಂದಿತೆಂದು ಜನ ನಕ್ಕರು. ಇರುಳಿನ ಆಟವನ್ನು ಮೊಟಕು ಮಾಡಿದರೆ ಅದು ಆಟವೇ ಅಲ್ಲವೆಂದರು. ಮಾತು ಕಳೆದ ಮೇಲೆ ಕೃಷ್ಣನಿಗೂ ಗೊಂಬೆಗೂ ಏನು ಭೇದವೆಂದರು. ಚಂಡೆ ಮದ್ದಳೆಗಳ ನಡುವೆ ಸ್ಯಾಕ್ಸೊಫೋನ್ ಏಕೆಂದರು. ವಿಚಿತ್ರವೆಂದರೆ, ಹೊಸತನವನ್ನು ಮೆಚ್ಚುವವರೂ ಅವರ ಪಕ್ಷಕ್ಕೆ ಬರಲಿಲ್ಲ. ಉಡುಗೆ, ಬಣ್ಣ, ಒಡ್ಡೋಲಗಗಳ ವಿಷಯದಲ್ಲಿ ಅವರು ಕಟ್ಟಾ ಹಳಬರಾಗಿದ್ದರು. ಮಖಮಲ್ಲನ್ನೂ ನಾಟಕದ ಸೀರೆಗಳನ್ನೂ ಅವರು ಸಹಿಸುತ್ತಿರಲಿಲ್ಲ. ಹೀಗೆ ಸಂಪ್ರದಾಯವಾದಿಗಳಿಗೆ ಅವರು ಕೆಡುಕರು, ಆಧುನಿಕರಿಗೆ ಹಟಮಾರಿಗಳು. ಎರಡು ಕಡೆಯಿಂದಲೂ ಏಟು ತಿನ್ನುವವನು ನಡುದಾರಿಯಲ್ಲಿ ನಡೆಯುವವನೇ ಆಗಿರಬೇಕೆಂದಿಲ್ಲ. ತನ್ನದೇ ದಾರಿ ಮಾಡಿಕೊಂಡವನೂ ಆಗಿರಬಹುದು.

ನಾನು ಅವರ ‘ಅಭಿಮನ್ಯು’ವನ್ನು ನೋಡಿದಾಗ ಹೊಸದಾಗಿ ಉಪಾಧ್ಯಾಯ ವೃತ್ತಿಗೆ ಸೇರಿದ್ದೆ. ಆ ಹೊತ್ತಿಗೆ ನಾನೂ ಬೆಂಚಿನವನೇ. ತಪ್ಪು ಹುಡುಕಲೆಂದೇ ಹೋಗಿದ್ದೆ. ಮಾತಿಲ್ಲದ ಅಭಿಮನ್ಯುವನ್ನು ಕಂಡು ಆಡಿಕೊಳ್ಳಲು ಮನಸ್ಸಿನಲ್ಲಿಯೇ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಚಕ್ರವ್ಯೂಹದ ಭಾಗ ಬಂದಿತು. ಎಳೆಯನೊಬ್ಬ ಕುಣಿಯುತ್ತ ಒಳಹೊಕ್ಕ. ಸುತ್ತಲೂ ಹಿರಿಯರ ವೇಷಗಳು. ಅವನ ಹೆಜ್ಜೆ ದಣಿಯುತ್ತಿದ್ದುದು ಚಂಡೆಯಲ್ಲಿ ಕೇಳಿಸಿತು. ಹೊರಬರಲು ದಾರಿಯಿಲ್ಲವೆಂಬುದು ಅವನಿಗೆ ತಿಳಿದ ಗಳಿಗೆ ಅವನ ಬೆನ್ನಿನಲ್ಲಿಯೇ ಕಂಡಿತು. ಆ ಪ್ರಸಂಗವನ್ನು ನಾನು ಇರುಳಾಟಗಳಲ್ಲಿ ಹಲವು ಸಲ ನೋಡಿದ್ದೆ. ಅಭಿಮನ್ಯುವಿನ ವೀರೋಕ್ತಿಗಳಿಗೆ ಚಪ್ಪಾಳೆ ತಟ್ಟಿದ್ದೆ. ಅವನು ಹುಡುಗನೆಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಮನೆಗೆ ಬರುವಾಗ ಜೋಡಿಸಿಕೊಂಡಿದ್ದ ವಾಕ್ಯಗಳು ಒಂದೂ ಉಳಿದಿರಲಿಲ್ಲ.

ಹಾಗೆಂದು ನನ್ನ ಆಕ್ಷೇಪವೆಲ್ಲ ಕರಗಿತೆಂದು ಹೇಳಿದರೆ ಸುಳ್ಳಾದೀತು. ಯಕ್ಷಗಾನದ ಪ್ರಸಂಗದಲ್ಲಿ ಕವಿ ಬರೆದಿಡುವುದು ಪದ್ಯವನ್ನು ಮಾತ್ರ. ಮಾತು ಕಲಾವಿದನ ಸ್ವಂತ ಸೊತ್ತು. ಅಂದಿನ ಇರುಳಿನಲ್ಲಿ, ಎದುರು ಪಾತ್ರದ ಸವಾಲಿಗೆ ತಕ್ಕಂತೆ ಅವನು ಅದನ್ನು ಹುಟ್ಟಿಸಬೇಕು. ಹೆಚ್ಚು ಶಾಲೆ ಕಾಣದ ಕಲಾವಿದರು ಪುರಾಣವನ್ನೂ ಲೋಕಾನುಭವವನ್ನೂ ಬೆರೆಸಿ ಆಡಿದ ಮಾತುಗಳನ್ನು ಕೇಳಿಯೇ ನಮ್ಮ ಸೀಮೆಯ ಜನ ಭಾಷೆ ಕಲಿತರು. ಕಾರಂತರು ಮಾತನ್ನು ತೆಗೆದಾಗ ಕಲಾವಿದನ ಕೈಯಿಂದ ಆ ಸ್ವಾತಂತ್ರ್ಯ ಹೋಯಿತು. ಭಾಗವತನ ಪಾಡೂ ಅಷ್ಟೆ. ಯಾವ ಪದ್ಯ, ಎಷ್ಟು ಹೊತ್ತು ಎಂಬ ನಿರ್ಧಾರ ಅವನ ತಾಳದಿಂದ ನಿರ್ದೇಶಕನ ಟಿಪ್ಪಣಿಗೆ ಹೋಯಿತು. ನಡೆಸುವವನು ಬಲವಾದಷ್ಟೂ ಆಡುವವನು ಬಡವಾಗುವನೆಂಬ ಅಪಾಯ ಎಲ್ಲ ಕೂಟಗಳಲ್ಲಿಯೂ ಉಂಟು. ಕಾರಂತರ ರಂಗದಲ್ಲಿಯೂ ಅದು ಇದ್ದಿತು.

ಅವರ ಸಮಾಧಾನವೂ ತೂಕದ್ದೇ. ಯಕ್ಷಗಾನದ ಹುರುಳು ಹಾಡು, ಕುಣಿತ, ವೇಷಗಳಲ್ಲಿದೆ. ಮಾತಿನ ಅಬ್ಬರವು ಆ ಮೂರರ ದೌರ್ಬಲ್ಯವನ್ನು ಮುಚ್ಚುವ ಹೊದಿಕೆಯಾಗಿದೆ ಎಂಬುದು ಅವರ ನಿಲುವು. ಹೊದಿಕೆ ತೆಗೆದಾಗ ದೌರ್ಬಲ್ಯ ಕಾಣಿಸಲೇಬೇಕು, ಕಂಡ ಮೇಲೆ ತಿದ್ದಿಕೊಳ್ಳಲೇಬೇಕು. ಇದಲ್ಲದೆ ಕನ್ನಡ ತಿಳಿಯದವರ ಮುಂದೆ, ಹೊರನಾಡುಗಳಲ್ಲಿ ಮತ್ತು ಹೊರದೇಶಗಳಲ್ಲಿ, ಈ ಕಲೆ ತನ್ನ ಕಾಲ ಮೇಲೆ ನಿಲ್ಲಬೇಕೆಂದು ಅವರು ಬಯಸಿದರು. ಆ ಬಯಕೆ ಈಡೇರಿತು. ಅವರ ಯಕ್ಷರಂಗದ ತಂಡ ದೇಶವನ್ನು ಸುತ್ತಿತು, ಕಡಲಾಚೆಗೂ ಹೋಯಿತು. ನಮ್ಮ ಗದ್ದೆಯ ಆಟಕ್ಕೆ ಹೊರಗೆ ಗೌರವ ಬಂದಿತು. ಊರಿನ ವೃತ್ತಿಮೇಳಗಳು ಮಾತ್ರ ಅವರ ಮಾದರಿಯನ್ನು ಹಿಡಿಯಲಿಲ್ಲ. ತಮ್ಮ ಪ್ರೇಕ್ಷಕನನ್ನು ನಂಬಿ ತಮ್ಮ ದಾರಿಯಲ್ಲಿಯೇ ನಡೆದವು. ಇದು ಕಾರಂತರ ಸೋಲೆಂದು ಹೇಳುವವರುಂಟು. ನನಗೆ ಹಾಗೆ ತೋರುವುದಿಲ್ಲ. ಕೇಂದ್ರದಲ್ಲಿ ಹೆಜ್ಜೆ ಕಲಿತ ಹುಡುಗರು ಎಲ್ಲಿಗೆ ಹೋದರೂ ಆ ಹೆಜ್ಜೆಯನ್ನು ಒಯ್ದರು. ಯಕ್ಷರಂಗದಲ್ಲಿ ಕುಣಿದ ಬನ್ನಂಜೆ ಸಂಜೀವ ಸುವರ್ಣರು ಮುಂದೆ ಅದೇ ಕೇಂದ್ರದ ಗುರುಗಳಾಗಿ ಎಷ್ಟೋ ಶಿಷ್ಯರನ್ನು ತಯಾರಿಸಿದರು. ಕಲಿಸಿದವರು ಯಾರು ಎಂದು ಕೇಳಿದರೆ ಹೇಳಲು ಈಗ ಹೆಸರುಗಳುಂಟು.

ಕಾರಂತರ ಬಾಳಿನ ಉಳಿದ ಘಟನೆಗಳನ್ನು ವಾಚಕರು ಬಲ್ಲರು. ಸಂಕ್ಷೇಪವಾಗಿ ನೆನೆದರೆ ಸಾಕು. ೧೯೫೫ರ ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ೧೯೬೮ರಲ್ಲಿ ಬಂದ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಹಿಂತಿರುಗಿಸಿದರು. ೧೯೭೭ನೆಯ ಸಾಲಿನ ಜ್ಞಾನಪೀಠ ಅವರದಾಯಿತು. ೧೯೮೫ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ಪೂ ಬಂದಿತು. ಕೈಗಾದ ಅಣುಸ್ಥಾವರವನ್ನು ಎದುರಿಸಿ ೧೯೮೯ರಲ್ಲಿ ಲೋಕಸಭೆಗೆ ಸ್ಪರ್ಧಿಸಿದರು, ಸೋತರು. ಎಂಬತ್ತೇಳರ ವಯಸ್ಸಿನಲ್ಲಿ ಸೋಲು ಖಚಿತವಿದ್ದ ಕಣಕ್ಕೆ ಇಳಿದವರಿಗೆ ಆಟದ ಸೋಲುಗೆಲುವಿನ ಹೆದರಿಕೆ ಎಲ್ಲಿಯದು?

ಬಾಳಿನ ಕೊನೆಯ ದಶಕಗಳನ್ನು ಅವರು ಹುಟ್ಟೂರಿನ ಮಗ್ಗುಲಲ್ಲಿಯೇ, ಸಾಲಿಗ್ರಾಮದಲ್ಲಿ, ಕಳೆದರು. ಮುಪ್ಪಿನಲ್ಲಿಯೂ ಅವರು ಹುಡುಗರೊಡನೆ ಹೆಜ್ಜೆ ಹಾಕುತ್ತಿದ್ದರು. ಬಿಳಿಯ ತಲೆಯ ಆ ವೃದ್ಧರು ಪಂಚೆ ಎತ್ತಿಕಟ್ಟಿ ಕುಣಿಯುವುದನ್ನು ಕಂಡು ನಕ್ಕವರೂ ಇದ್ದರು. ನಗುವವರಿಗೆ ಒಂದು ಸಂಗತಿ ತಿಳಿದಿರಲಿಲ್ಲ. ನಡೆಸುವವನು ತಾನು ಕುಣಿಯದೆ ಇನ್ನೊಬ್ಬನ ಕಾಲಿನ ತಪ್ಪನ್ನು ಎಣಿಸಬಾರದೆಂಬ ನಿಯಮವನ್ನು ಅವರು ತಮ್ಮ ಮೇಲೆ ತಾವೇ ಹೇರಿಕೊಂಡಿದ್ದಂತೆ ನನಗೆ ಕಾಣುತ್ತದೆ. ೧೯೯೭ರ ಡಿಸೆಂಬರ್ ೯ರಂದು ಅವರು ತೀರಿಕೊಂಡರು. ತೊಂಬತ್ತೈದು ವರ್ಷಗಳ ಆಟ ಮುಗಿಯಿತು.

ಆಮೇಲಿನ ಕಾಲ ಇನ್ನೊಂದು ಸೋಜಿಗವನ್ನು ತೋರಿಸಿದೆ. ಇರುಳಿಡೀ ಆಡದಿದ್ದರೆ ಆಟವಲ್ಲವೆಂದು ವಾದಿಸುತ್ತಿದ್ದ ನಮ್ಮ ನಾಡಿನಲ್ಲಿಯೇ ಇಂದು ಹಲವು ಮೇಳಗಳು ಕಾಲಮಿತಿಯ ಪ್ರದರ್ಶನಕ್ಕೆ ಬಂದಿವೆ. ಅದು ಕಾರಂತರ ತತ್ತ್ವವನ್ನು ಒಪ್ಪಿ ಆದುದಲ್ಲ. ನಿದ್ದೆಗೆಡಲಾರದ ಪ್ರೇಕ್ಷಕನೂ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದ ಸಂಸಾರಿಯೂ ಅದನ್ನು ತಂದರು. ಹೊತ್ತು ಕಡಿಮೆಯಾದಾಗ ಏನನ್ನು ಬಿಡಬೇಕು ಎಂಬ ಪ್ರಶ್ನೆ ಈಗ ಎಲ್ಲ ಭಾಗವತರ ಮುಂದೆಯೂ ನಿಂತಿದೆ. ಕೆಲವೆಡೆ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ ಮತ್ತು ಒಡ್ಡೋಲಗಕ್ಕೆ, ಮಾತು ಉಳಿಯುತ್ತದೆ. ಕಾರಂತರು ಇದೇ ಪ್ರಶ್ನೆಯನ್ನು ಅರುವತ್ತು ವರ್ಷಗಳ ಹಿಂದೆ ತಾವಾಗಿ ಎತ್ತಿಕೊಂಡು, ಇದಕ್ಕೆ ತೀರ ವಿರುದ್ಧವಾದ ಉತ್ತರವನ್ನು ಹೇಳಿದ್ದರು. ಅವರ ಉತ್ತರವನ್ನು ನಾವು ಒಪ್ಪದಿರಬಹುದು. ಯೋಚಿಸಿ ಬಿಡುವುದಕ್ಕೂ ಹೊತ್ತಾಯಿತೆಂದು ಬಿಡುವುದಕ್ಕೂ ಅಂತರವುಂಟೆಂಬುದನ್ನು ಒಪ್ಪಬೇಕು.

ಬೆಂಚಿನ ವಾದ ನಿಂತಿಲ್ಲ, ನಿಲ್ಲುವುದೂ ಬೇಡ. ಪ್ರೇಕ್ಷಕರು ಜಗಳಾಡುವುದನ್ನು ಬಿಟ್ಟ ದಿನ ಆಟ ಅವರಿಗೆ ಬೇಡವಾಯಿತೆಂದು ತಿಳಿಯಬೇಕು. ಕಾರಂತರೂ ಮೂಲದಲ್ಲಿ ಆ ಬೆಂಚಿನವರೇ. ತೃಪ್ತಿಯಿಲ್ಲದೆ ಎದ್ದು ಬಂದ ಪ್ರೇಕ್ಷಕರು. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಕಳೆದ ಸುಗ್ಗಿಯಲ್ಲಿ ನಮ್ಮೂರಿನ ಗದ್ದೆಯಲ್ಲಿ ಒಂದು ಆಟವಾಯಿತು. ಚೆನ್ನಾಗಿ ಆಗಲಿಲ್ಲ. ಮುಗಿದ ಬಳಿಕ ಚಹದಂಗಡಿಯಲ್ಲಿ ತರುಣರು ಎರಡು ಪಕ್ಷವಾಗಿ ಭಾಗವತರನ್ನೂ ಎರಡನೆಯ ವೇಷವನ್ನೂ ಹಿಡಿದು ಜಗ್ಗಾಡುತ್ತಿದ್ದರು. ನಾನು ಸ್ವಲ್ಪ ಹೊತ್ತು ಕೇಳಿ, ನಮ್ಮ ದೊಡ್ಡಪ್ಪ ಕೇಳಿದ್ದ ಪ್ರಶ್ನೆಯನ್ನೇ ಕೇಳಿದೆ. ಅವರಲ್ಲಿ ಒಬ್ಬ ಸುಮ್ಮನಾದ. ಮರುವಾರದಿಂದ ಅವನು ಹೆಜ್ಜೆ ಕಲಿಯಲು ಹೋಗುತ್ತಿದ್ದಾನೆಂದು ತಿಳಿಯಿತು.